ಚಕ್ರಕ್ಕೆ ಹಚ್ಚಿದ ಎಣ್ಣೆ

ನಮ್ಮ ಹಳದೀಪುರದ ಮನೆಯಲ್ಲಿ ಕಬ್ಬಿಣವೆಂದರೆ ಕೊಬ್ಬರಿ ಎಣ್ಣೆ ಬೇಕೇ ಬೇಕು. ಸಮುದ್ರದ ಉಪ್ಪುಗಾಳಿಗೆ ಎರಡು ದಿನ ಬಿಟ್ಟರೆ ಕತ್ತಿ, ಕಾಯಿ ತುರಿಯುವ ಹೆರೆಮಣೆ, ಛತ್ರಿಯ ಕಡ್ಡಿ ಎಲ್ಲ ತುಕ್ಕು. ಅದಕ್ಕೇ ಒಲೆಯ ಪಕ್ಕ ಒಂದು ಗಿಂಡಿಯಲ್ಲಿ ಎಣ್ಣೆ, ಅದರಲ್ಲೊಂದು ಬಟ್ಟೆಚೂರು ಸದಾ ಇರುತ್ತಿತ್ತು. ನನ್ನ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು, ಮಗಳು ಭಟ್ಕಳದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಅವಳೂ ಕುಮಟೆಯ ಗೆಳತಿಯೂ ಸೇರಿ ಕಾಲೇಜಿನ ಸ್ಪರ್ಧೆಗೆ ಒಂದು ರೋಬೋಟ್ ಮಾಡಿದ್ದರು. ಪ್ಲೈವುಡ್ಡಿನ ಅಂಕಣದಲ್ಲಿ ಎದುರಿನ ಯಂತ್ರವನ್ನು ನೂಕಿ ಹೊರಗೆ ಹಾಕಬೇಕು. ಮೂರರಲ್ಲಿ ಎರಡು ಸುತ್ತು ಗೆದ್ದರೆ ಹುಬ್ಬಳ್ಳಿಯ ಸ್ಪರ್ಧೆಗೆ ಹೋಗಬಹುದು. ಹೆಣ್ಣುಮಕ್ಕಳದ್ದು ಅದೊಂದೇ ತಂಡ.

"ಮೋಟಾರು ಎಲ್ಲರದ್ದೂ ಒಂದೇ, ಆಯಿ. ಚಕ್ರ ನೆಲ ಹಿಡಿದ್ರೆ ಗೆದ್ದ ಹಾಗೆ" ಎಂದು ಅಮ್ಮನಿಗೆ ಪಾಠ ಹೇಳುತ್ತಿದ್ದಳು. ಮೂರು ವಾರ ಚಕ್ರದ್ದೇ ಕತೆ. ಆಟಿಕೆ ಕಾರಿನ ಪ್ಲಾಸ್ಟಿಕ್ ಚಕ್ರ ಜಾರಿತು. ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ್ದು ಭಾರಕ್ಕೆ ಚಪ್ಪಟೆಯಾಯಿತು. ಹಲಗೆಯ ಒಂದು ತುದಿಯ ಕೆಳಗೆ ನನ್ನ ಊಟದ ಮಣೆಗಳನ್ನು ಒಟ್ಟಿ, ಎಷ್ಟನೆಯ ಮಣೆಗೆ ಯಂತ್ರ ಜಾರುತ್ತದೆಂದು ನೋಡುವರು. ಕೊನೆಗೆ ಅಗಲದ ಚಕ್ರಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ, ಪಾಲಿಶ್ ಪೇಪರಿನಲ್ಲಿ ತರಿತರಿಯಾಗಿ ಉಜ್ಜಿದ್ದು ಐದು ಮಣೆಗೂ ಜಗ್ಗಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ಯಂತ್ರ ನೋಡಿದೆ. ಬೋಲ್ಟುಗಳಲ್ಲಿ ತುಕ್ಕಿನ ಚುಕ್ಕೆ. ಎಣ್ಣೆ ಹಚ್ಚಿದೆ. ಚಕ್ರಗಳೋ, ಉಜ್ಜಿ ಉಜ್ಜಿ ಬೂದಿ ಬಣ್ಣಕ್ಕೆ ತಿರುಗಿದ್ದವು. ನಾಲ್ಕು ಜನರೆದುರು ಹೋಗುವುದು, ಹೀಗಿದ್ದರೆ ಹೇಗೆ ಎಂದು ಅದೇ ಬಟ್ಟೆಯಲ್ಲಿ ಅವನ್ನೂ ಒರೆಸಿದೆ. ಕಪ್ಪಗೆ ಮಿನುಗಿದವು. ನಾನೇ ಚೀಲಕ್ಕೆ ಹಾಕಿ, ಅವಳ ಜೊತೆ ಭಟ್ಕಳದ ಬಸ್ಸು ಹತ್ತಿದೆ.

ಮೊದಲ ಪಂದ್ಯವೇ ನಮ್ಮದು. ಮೊದಲ ಸುತ್ತಿಗೆ ಸೀಟಿ ಊದಿದರು. ನಮ್ಮ ಚಕ್ರಗಳು ಗರಗರ ತಿರುಗಿದವು, ಯಂತ್ರ ಮಾತ್ರ ನಿಂತಲ್ಲೇ. ಎದುರಿನದು ಬಂದು ಕಸ ಗುಡಿಸಿದಂತೆ ತಳ್ಳಿ ಕೆಳಗೆ ಹಾಕಿತು.

"ಪಾಚಿ ಮೇಲೆ ಜಾರೂಕೆ ಮಾಡಿದ್ದಾ ಇದು?" ಎಂದು ಹಿಂದಿನಿಂದ ಯಾರೋ ನಕ್ಕರು.

ಮಗಳು ಚಕ್ರ ಮುಟ್ಟಿ ಬೆರಳು ಮೂಸಿದಳು. "ಆಯಿ, ಎಂತ ಹಚ್ಚಿದ್ಯೆ?"

"ಎಣ್ಣೆ..." ಎಂದೆ. "ಚಂದ ಕಾಣ್ಲಿ ಅಂತ."

ಗೆಳತಿ ತಲೆಯ ಮೇಲೆ ಕೈಯಿಟ್ಟು ಕೂತೇಬಿಟ್ಟಳು. "ಅಯ್ಯೋ ಅಮ್ಮ, ಚಕ್ರಕ್ಕೆ ಎಣ್ಣೆಸ್ನಾನ ಮಾಡ್ಸಿದ್ರಾ!"

ಆ ಮಾತು ಕಿವಿಗೆ ಬಿದ್ದದ್ದೇ ಕ್ಯಾಂಟೀನಿಗೆ ಓಡಿದೆ. ಎಣ್ಣೆಸ್ನಾನದ ಜಿಡ್ಡಿಗೆ ನಾನು ಬಲ್ಲದ್ದು ಕಡಲೆಹಿಟ್ಟು ಒಂದೇ. ಬಜ್ಜಿಗೆಂದು ಇಟ್ಟಿದ್ದ ಹಿಟ್ಟು ಒಂದು ಮುಷ್ಟಿ, ಬಿಸಿನೀರು ಒಂದು ಚೊಂಬು ಬೇಡಿ ತಂದು, ಕೂಸಿನ ಬೆನ್ನು ತಿಕ್ಕಿದ ಹಾಗೆ ತಿಕ್ಕಿದೆ. ಮಗಳು ನನ್ನ ಸೆರಗಿನಲ್ಲೇ ಒರೆಸಿ, ಪಾಲಿಶ್ ಪೇಪರಿನಲ್ಲಿ ಮತ್ತೆ ಉಜ್ಜಿದಳು.

ಎರಡನೆಯ ಸುತ್ತಿನಲ್ಲಿ ಚಕ್ರ ಹಲಗೆ ಕಚ್ಚಿತು. ಇಂಚಿಂಚೇ ನೂಕಿ ಗೆದ್ದಿತು. ನಾನು ಕೂಗಿದೆನಂತೆ, ನೆನಪಿಲ್ಲ.

ಮೂರನೆಯದರಲ್ಲಿ ಎರಡೂ ಯಂತ್ರಗಳು ಮುಖಕ್ಕೆ ಮುಖ ಒತ್ತಿ ನಿಂತಿದ್ದವು. ಆಗ ನಮ್ಮ ಒಂದು ಚಕ್ರದ ಪಟ್ಟಿ ಬಿಚ್ಚಿಕೊಂಡು ಹಲಗೆಯ ಮೇಲೆ ಬಿತ್ತು. ಎಣ್ಣೆ ಒಳಗಿಳಿದು ಅಂಟನ್ನೇ ಬಿಡಿಸಿತ್ತು. ಸೋತೆವು.

"ಎಂತ ಆಯ್ತು?" ಎಂದು ತೀರ್ಪು ಕೊಡುವ ಮೇಷ್ಟ್ರು ಕೇಳಿದರು.

"ಅಂಟು ಸರಿ ಕೂತಿರ್ಲಿಲ್ಲ ಸರ್. ನಮ್ದೇ ತಪ್ಪು" ಎಂದಳು ಮಗಳು. ನನ್ನತ್ತ ತಿರುಗಿಯೂ ನೋಡಲಿಲ್ಲ. ಆ ಮಾತು ಚಕ್ರ ಜಾರಿದ್ದಕ್ಕಿಂತ ಜೋರಾಗಿ ಎದೆಗೆ ಹೊಡೆಯಿತು.

ಬಸ್ಸಿನಲ್ಲಿ ಮಗಳು ಕಿತ್ತುಬಂದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಹೊನ್ನಾವರದ ಸೇತುವೆಯ ಮೇಲೆ ಅವಳು ಕೇಳಿದಳು, "ಆಯಿ, ಮುಂದಿನ್ಸಲ ಟ್ಯೂಬಿನ ಪಟ್ಟಿಗೆ ಅಂಟಿನ ಜೊತೆ ಹೊಲಿಗೆನೂ ಹಾಕಿಕೊಡ್ತ್ಯಾ?"

"ಆತು" ಎಂದೆ.

"ಆ ಗಿಂಡಿ ಮಾತ್ರ ಅಟ್ಟಕ್ಕೆ ಹಾಕು ಮಾರಾಯ್ತಿ."