ಅತ್ತೆ ಕಾಯ್ದ ಟಿಟ್ಟಿಭದ ಮೊಟ್ಟೆಗಳು

ಇವತ್ತು ಬೆಳಗ್ಗೆ ಸೂಲಿಬೆಲೆ ಕೆರೆಯಂಗಳದಲ್ಲಿ ಟಿಟ್ಟಿಭ ಹಕ್ಕಿಯೊಂದು ಕೂಗಿದ್ದೇ ತಡ, ನನಗೆ ಚಿಕ್ಕಂದಿನಲ್ಲಿ ಕಂಡ ಅಜ್ಜನ ರಾಗಿ ಹೊಲ ನೆನಪಾಯಿತು.

ಹೆತ್ತ ಮಗುವನ್ನು ಕಳೆದುಕೊಂಡು ತವರಿಗೆ ಬಂದಿದ್ದ ನಮ್ಮತ್ತೆ ಆಗ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬದುವಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ಅಜ್ಜ ಉಳುತ್ತಿದ್ದಾಗ ಟಿಟ್ಟಿಭವೊಂದು ಎತ್ತುಗಳ ಮುಂದೆ ರೆಕ್ಕೆ ಬಿಚ್ಚಿ ಕಿರುಚತೊಡಗಿತು. ಅತ್ತೆ ಓಡಿಬಂದು ನೇಗಿಲಿಗೆ ಅಡ್ಡ ನಿಂತರು.

"ಅಪ್ಪಾ, ನಿಲ್ಸು! ಇಲ್ಲಿ ಮೊಟ್ಟೆ ಐತೆ."

ಎಷ್ಟೋ ದಿನದ ಮೇಲೆ ಮಗಳ ದನಿ ಕೇಳಿದ ಅಜ್ಜ ಕಣ್ಣೊರೆಸಿಕೊಂಡರು. "ಆಯ್ತು ಬುಡವ್ವ, ಅಷ್ಟು ಜಾಗ ಅದಕ್ಕೇ ಇರ್ಲಿ," ಅಂದು ಎತ್ತುಗಳನ್ನು ಪಕ್ಕಕ್ಕೆ ತಿರುಗಿಸಿದರು.

ಮರಿಗಳು ಹೊರಬರುವವರೆಗೂ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಯಿಗಳನ್ನು ಓಡಿಸುತ್ತ ದೂರದಿಂದಲೇ ಕಾದರು. ನಾನು ಹಕ್ಕಿ ನೋಡಲು ಕಲಿತದ್ದು ಅಲ್ಲೇ.

ಈಗ ಭಾನುವಾರಗಳಂದು ಅತ್ತೆಯೂ ನನ್ನೊಂದಿಗೆ ಕೆರೆಗೆ ಬರುತ್ತಾರೆ. ನನ್ನ ಬೈನಾಕ್ಯುಲರ್ ವಾಪಸ್ ಕೇಳಿದರೆ, "ತಡಿಯೋ, ಇನ್ನೊಂಚೂರು ನೋಡ್ಕೊತೀನಿ," ಅನ್ನುತ್ತಾರೆ.