ಅಡಿಯಲ್ಲಿ ಹೊಳೆಯುತ್ತಿದ್ದ ಎಲೆ

ಆ ಭಾನುವಾರ ನಾನು ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ದು ತಂದು ಒದ್ದೆ ಗೋಣಿ ಹೊದಿಸುತ್ತಿದ್ದೆ. ಹೊದಿಸದಿದ್ದರೆ ಸೊಪ್ಪು ಬಾಡುತ್ತದೆ, ಬಾಡಿದ್ದನ್ನು ಹುಳ ಮುಟ್ಟುವುದಿಲ್ಲ. ಮಗಳು ಹಿತ್ತಲ ಹಿಪ್ಪುನೇರಳೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಎಲೆಗಳ ಅಡಿಗೆ ಉಗುರಿನ ಪಾಲಿಷ್ ಬಳಿಯುತ್ತಿದ್ದಳು. ಬಣ್ಣವಿಲ್ಲದ ಪಾಲಿಷ್. ಮರುದಿನ ಮಂಡ್ಯದ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಇತ್ತು.

"ಎಲೆಗೂ ಉಗುರು ಬಂದ್ವಾ?" ಎಂದೆ.

"ಬಾಯಿ ಅವೆ ಕಣವ್ವ, ಕೆಳಗಡೆ. ಕಣ್ಣಿಗೆ ಕಾಣಾಕಿಲ್ಲ. ಗಾಳಿ ತಕ್ಕಬೇಕು ಅಂದ್ರೆ ಬಾಯಿ ಬುಡ್ಬೇಕು. ಬುಟ್ರೆ ಒಳಗಿನ ನೀರು ಓಯ್ತದೆ. ನೀರು ಸಾಲ್ದೆ ಬಂದ್ರೆ ಮುಚ್ಕತವೆ."

"ನಿನಗಿಂತ ವಾಸಿ ಬುಡು. ನೀನು ಬಾಯಿ ಮುಚ್ಚೋದೇ ಇಲ್ಲ."

ನಕ್ಕಳು. ಒಂದು ಎಲೆಯ ಒಣಗಿದ ಪಾಲಿಷನ್ನು ಟೇಪಿನಿಂದ ಸಿಪ್ಪೆಯಂತೆ ಎಬ್ಬಿಸಿ ಗಾಜಿನ ತುಂಡಿಗೆ ಅಂಟಿಸಿದಳು. ಆ ಬಾಯಿಗಳ ಅಚ್ಚು ಅದರಲ್ಲಿ ಬಿದ್ದಿರುತ್ತದಂತೆ. ಇದು ಕೆಟ್ಟರೆ ಇರಲಿ ಎಂದು ಇನ್ನೊಂದು ಎಲೆಯನ್ನು ಗಿಡದಲ್ಲೇ ಬಿಟ್ಟಳು.

ಮರುದಿನ ಮಂಡ್ಯದಲ್ಲಿ ಬಸ್ಸಿಳಿದು ರಸ್ತೆ ದಾಟುವಾಗ ಲಾರಿ ಬಡಿಯಿತು. ಅಲ್ಲೇ ಹೋದಳು.

ಆಮೇಲೆ ನನಗೆ ಗಿಡದಲ್ಲಿ ಉಳಿದಿದ್ದ ಆ ಎಲೆಯೇ ಎಲ್ಲ ಆಯಿತು. ಅದರ ಅಡಿಯಲ್ಲಿ ಅವಳ ಬ್ರಷ್ಷಿನ ಗೀರುಗಳಿದ್ದವು. ಹುಳಗಳು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ಹೊಲದ ಸೊಪ್ಪು ಸಾಲದೆ ಗಂಡ ಕುಡುಗೋಲು ಹಿಡಿದು ಹಿತ್ತಲಿಗೆ ಬಂದರು. ನಾನು ಗಿಡಕ್ಕೆ ಅಡ್ಡ ನಿಂತೆ. ಹಿಂತಿರುಗಿದರು.

ಎಲೆಯ ಅಂಚು ಹಳದಿಯಾಗತೊಡಗಿತು. ಬುಡಕ್ಕೆ ಕೊಡಗಟ್ಟಲೆ ನೀರು ಸುರಿದೆ. ಕೊಯ್ದ ಸೊಪ್ಪಿಗೆ ಮಾಡುವಂತೆ ಒದ್ದೆ ಗೋಣಿ ಹೊದಿಸಿದೆ, ಒಣಗಿದಂತೆಲ್ಲ ನೆನೆಸಿದೆ. ನನಗೆ ಗೊತ್ತಿದ್ದದ್ದು ಅದೊಂದೇ.

ಓರಗಿತ್ತಿ ನೋಡಿದಳು. "ಗಿಡದಲ್ಲಿರೋ ಸೊಪ್ಪಿಗೆ ಯಾರಾರ ಗೋಣಿ ಒದಿಸ್ತಾರಾ? ತಗಿ, ಗಾಳಿ ಆಡ್ಲಿ."

"ಅದ್ರ ಬಾಯೆಲ್ಲ ಮುಚ್ಚೋಗವೆ ಕಣಕ್ಕ. ಗಾಳಿ ಎಲ್ಲಿಂದ ತಕ್ಕಂತದೆ?"

ಹೇಳಿದ ಮೇಲೆ ನನಗೇ ತಿಳಿಯಿತು. ನೀರಿಗೆ ಕೊರತೆಯಿರಲಿಲ್ಲ. ಮಗಳು ಬಳಿದದ್ದೇ ಅದರ ಉಸಿರು ಕಟ್ಟಿತ್ತು. ಅದನ್ನು ತೆಗೆದರೆ ಎಲೆ ಉಳಿಯುತ್ತಿತ್ತೇನೋ. ನನಗೆ ಎಲೆಯೂ ಬೇಕಿತ್ತು, ಅವಳು ಬಳಿದದ್ದೂ ಬೇಕಿತ್ತು.

ಅವಳು ಮಾಡಿದಂತೆಯೇ ಟೇಪು ಅಂಟಿಸಿ ಎಬ್ಬಿಸಲು ಹೋದೆ. ಗೋಣಿಯಡಿ ನೆನೆದು ಮೆತ್ತಗಾಗಿದ್ದ ಎಲೆ ತೊಟ್ಟು ಕಳಚಿ ಟೇಪಿನ ಜೊತೆಗೇ ಬಂತು. ಪಾಲಿಷು ಚೂರುಚೂರಾಗಿ ಮಣ್ಣಿಗೆ ಉದುರಿತು. ಎಷ್ಟು ಹುಡುಕಿದರೂ ಕೈಗೆ ಬರಲಿಲ್ಲ.

ಅವಳ ಬ್ಯಾಗನ್ನು ಮನೆಗೆ ತಂದುಕೊಟ್ಟಿದ್ದರು. ಊಟದ ಡಬ್ಬಿ, ಬಿಳಿ ಕೋಟು, ಪಾಲಿಷಿನ ಶೀಶೆ ಇದ್ದವು. ಅಚ್ಚು ಅಂಟಿಸಿದ್ದ ಗಾಜಿನ ತುಂಡು ಇರಲಿಲ್ಲ. ಅದು ಇನ್ನೂ ಸಿಕ್ಕಿಲ್ಲ.