ಹಾಳೆ ಕಿತ್ತ ಪುಸ್ತಕಕ್ಕೆ ಸೂಜಿಯಕ್ಕ ಸೂಜಿ ಹಾಕುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೈಂಡಿಂಗ್ ಅಂಗಡಿಯ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ ಸೂಜಿಯಕ್ಕ ಯಾರದೋ ಹಳೆಯ ಬೈಬಲ್ಲನ್ನು ಬಿಚ್ಚಿದ್ದಾರೆ. ಬೆನ್ನಿನ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ಕೆರೆದಾಯಿತು. ಈಗ ಒಂದೊಂದೇ ಹಾಳೆ ಮಗುಚಿ ಪುಟದ ಸಂಖ್ಯೆ ನೋಡುತ್ತಿದ್ದಾರೆ. ಒಂದು ಹಾಳೆ ಕಾಣೆಯಾಗಿದ್ದರೂ ಸೂಜಿ ಮುಟ್ಟುವುದಿಲ್ಲ. ಈ ಹಠದಿಂದ ಇವರ ಅನ್ನಕ್ಕೆ ಕಲ್ಲು ಬಿದ್ದಿದೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಎಲೆ ತಾನಾಗಿ ಅಡ್ಡ ಬರಲಿಲ್ಲ ಸ್ವಾಮಿ, ತಂದು ಮುಚ್ಚಿದವರಿದ್ದಾರೆ.

ಬೈಬಲ್ಲನ್ನು ಯಾಕೆ ನಂಬುತ್ತೀರಿ ಎಂದು ಕೇಳಿದೆ. ಪಾಸ್ಟರ್ ಹೇಳುವ ಕಾರಣಗಳು ಇವರಿಗೂ ಬಾಯಿಪಾಠ. ಅದು ದೇವರೇ ಬರೆಸಿದ್ದು, ಹಳೆಯ ಕೈಬರಹದ ಪ್ರತಿಗಳು ಒಂದಕ್ಕೊಂದು ತಾಳೆಯಾಗುತ್ತವೆ, ಕಣ್ಣಾರೆ ಕಂಡವರು ಪ್ರಾಣ ಹೋದರೂ ಮಾತು ಬದಲಿಸಲಿಲ್ಲ. ಅದೆಲ್ಲ ಸರಿಯೇ ಎನ್ನುತ್ತಾರೆ. ಇವರ ಸ್ವಂತದ ಕಾರಣ ಮಾತ್ರ ಬೇರೆ.

“ಶಿಷ್ಯ ಪೇತ್ರ ಹೆದರ್ಕೊಂಡು, ಯೇಸು ಯಾರೋ ಗೊತ್ತೇ ಇಲ್ಲ ಅಂದ. ಆಮೇಲೆ ಅವನೇ ಕ್ರೈಸ್ತರ ಸಭೆಗೆ ದೊಡ್ಡವನಾದ. ದಾವೀದ ರಾಜ, ಇನ್ನೊಬ್ಬನ ಹೆಂಡತಿಗೋಸ್ಕರ ಅವಳ ಗಂಡನ್ನೇ ಸಾಯಿಸ್ದ. ತಮ್ಮೋರ ಮಾನ ಉಳಿಸ್ಕೋಬೇಕು ಅಂತಿದ್ರೆ ಆ ಹಾಳೆ ಕಿತ್ತುಹಾಕ್ಬಹುದಿತ್ತು. ಯಾರೂ ಕೀಳ್ಲಿಲ್ಲ. ಅದಕ್ಕೇ ನಂಬ್ತೀನಿ.”

ಇವರ ಗಂಡ ಗಾರೆ ಕೆಲಸದವರು. ಇವರ ಸಭೆಯ, ಎಂದರೆ ಚರ್ಚಿನ, ಗಂಟೆಗೋಪುರಕ್ಕೆ ಸುಣ್ಣ ಬಳಿಯುವಾಗ ಹಗ್ಗ ಹರಿದು, ಬಿದ್ದು ಸತ್ತರು. ಹಗ್ಗ ಹಳತಾಗಿದೆ, ಬೇರೆ ಕೊಡಿ ಎಂದು ಹಿಂದಿನ ದಿನವೇ ಕೇಳಿದ್ದರು. ಸಭೆಯ ಕಮಿಟಿ ಮಾತ್ರ ಕುಡಿದು ಹತ್ತಿದ್ದ ಎಂದು ಊರಿಗೆಲ್ಲ ಹೇಳಿತು. ಹೆಂಡದ ವಾಸನೆಗೇ ಮುಖ ತಿರುಗಿಸುತ್ತಿದ್ದ ಮನುಷ್ಯ! ಮಗಳು ಶಾಲೆಯಲ್ಲಿ ‘ಕುಡುಕನ ಮಗಳು’ ಅನ್ನಿಸಿಕೊಂಡೇ ಬೆಳೆದಳು. ಈಗಲೂ ಆ ಸಭೆಯ ಮೆಟ್ಟಿಲು ತುಳಿಯುವುದಿಲ್ಲ.

ಹೋದ ವರ್ಷ ಸಭೆಗೆ ನೂರು ತುಂಬಿತು. ಸ್ಮರಣ ಸಂಚಿಕೆ ಅಚ್ಚಾಗಿ ಹೊಲಿಗೆಗೆ ಇವರ ಬಳಿಗೇ ಬಂತು. ಹಾಳೆ ನೋಡುತ್ತಾ ಹೋದವರ ಕೈ ಒಂದು ಕಡೆ ನಿಂತಿತು. ಹಿಂದಿನ ಪಾಸ್ಟರ್ ಸಾಯುವ ಮುಂಚೆ ಬರೆದುಕೊಟ್ಟ ಲೇಖನ ಅದು. ಹಗ್ಗದ ವಿಷಯ ನಮಗೆ ಗೊತ್ತಿತ್ತು, ಕುಡಿದಿದ್ದ ಎಂದದ್ದು ಸುಳ್ಳು, ನಾನೂ ಬಾಯಿ ಮುಚ್ಚಿಕೊಂಡಿದ್ದೆ ಎಂದು ಬರೆದಿದ್ದರು. ಹೊಲಿದ ಮೊದಲ ಪ್ರತಿಯನ್ನು ಮಗಳ ಕೈಗೆ ಕೊಡಬೇಕೆಂದು ಸೂಜಿಯಕ್ಕ ಆಸೆಪಟ್ಟರು.

ಸಂಜೆಗೇ ಕಮಿಟಿಯ ಕಾರ್ಯದರ್ಶಿ ಓಡಿಬಂದರು. ಅಚ್ಚಾಗುವವರೆಗೆ ಯಾರೂ ಓದಿರಲಿಲ್ಲ. ಸಂಚಿಕೆಯಲ್ಲಿ ಎಲ್ಲರೂ ಹುಡುಕುವುದು ತಮ್ಮ ಫೋಟೋ ತಾನೆ. ಎಲ್ಲ ಪ್ರತಿಗಳಿಂದಲೂ ಆ ಹಾಳೆ ಕತ್ತರಿಸಬೇಕೆಂದರು. ಸೂಜಿಯಕ್ಕ ಆಗುವುದಿಲ್ಲ ಎಂದರು. ಸಂಚಿಕೆ ಬೇರೆ ಅಂಗಡಿಗೆ ಹೋಯಿತು, ಅದರ ಹಿಂದೆಯೇ ಸಭೆಯ ಕೆಲಸವೆಲ್ಲ ಹೋಯಿತು. ಕತ್ತರಿಸಿದ ಹಾಳೆಗಳು ಕಮಿಟಿಯ ಬೀರುವಿನಲ್ಲಿ ಕೂತಿವೆ. ಈಗಿನ ಪಾಸ್ಟರ್ ಪ್ರಾರ್ಥನೆ ಮಾಡುವುದಾಗಿ ಹೇಳಿದ್ದಾರೆ, ಪುಣ್ಯಾತ್ಮರು.

ಒಂದು ಹಾಳೆಯನ್ನಾದರೂ ಎತ್ತಿಟ್ಟುಕೊಳ್ಳಬಾರದಿತ್ತೇ ಎಂದೆ.

“ಕದ್ದಿಟ್ಕೊಂಡ್ರೆ ನನ್ನ ಹತ್ರ ಇರೋ ಒಂದು ಕಾಗದ, ಅಷ್ಟೇ. ಅದು ಪುಸ್ತಕದಲ್ಲಿರ್ಬೇಕು. ಅವ್ರ ಪುಸ್ತಕದಲ್ಲೇ.”

ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಕಾರ್ಯದರ್ಶಿ. ಕೈಯಲ್ಲಿ ಸಂಚಿಕೆ, ಅದರಿಂದ ಕಳಚಿದ ಒಂದು ಹಾಳೆ. ಕಾಗದವನ್ನು ಮಡಚಿ, ಮಡಿಕೆಯಲ್ಲಿ ಹೊಲಿದರೆ ಎರಡು ಹಾಳೆ ನಿಲ್ಲುತ್ತವೆ. ಒಂದನ್ನು ಬುಡಕ್ಕೆ ಕತ್ತರಿಸಿದರೆ ಅದರ ಜೋಡಿಗೆ ಹಿಡಿತವಿಲ್ಲ. ಆ ಲೇಖನದ ಜೋಡಿ ಹಾಳೆಯಲ್ಲಿರುವುದು ಕಮಿಟಿಯವರ ಫೋಟೋ. ಮನೆಮನೆಯಲ್ಲೂ ಉದುರುತ್ತಿದೆಯಂತೆ, ಅಂಟು ಹಚ್ಚಿದರೂ ನಿಲ್ಲುತ್ತಿಲ್ಲವಂತೆ. ಏನಾದರೂ ಮಾಡಿ ಎಂದು ತಲೆ ತಗ್ಗಿಸಿ ಕೇಳುತ್ತಾರೆ.

ಸೂಜಿಯಕ್ಕ ಸಂಚಿಕೆಯ ಪುಟಗಳನ್ನು ಮಗುಚಿ ನೋಡುತ್ತಾರೆ, ಎಲ್ಲರ ಪುಸ್ತಕವನ್ನೂ ನೋಡುವ ಹಾಗೆಯೇ. ಆಮೇಲೆ ಅದನ್ನು ವಾಪಸ್ಸು ಅವರ ಕೈಗೇ ಇಡುತ್ತಾರೆ.

“ಇದ್ರಲ್ಲಿ ಒಂದು ಹಾಳೆ ಇಲ್ಲ, ಅಣ್ಣಾ. ಅದನ್ನ ತನ್ನಿ, ಎರಡನ್ನೂ ಸೇರಿಸಿ ಹೊಲಿದುಕೊಡ್ತೀನಿ. ಕೂಲಿ ಬೇಡ. ಮೊದಲ್ನೇ ಪ್ರತಿ ಮಾತ್ರ ನೀವೇ ತಗೊಂಡ್ಹೋಗಿ ನನ್ನ ಮಗಳ ಕೈಗೆ ಕೊಡ್ಬೇಕು.”